ಒಂದು ಸುತ್ತು ಕಡಿಮೆ

ಲ್ಯಾಬ್ ಮೇಷ್ಟ್ರಿಗೆ ಸಂಜೆಯ ಬ್ಯಾಚ್ ಅಂದರೆ ಗಾಯದ ಮೇಲೆ ಬರೆ. ಬೆಳಿಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು ಬ್ಯಾಚು, ಅವೆರಡರ ಕೂಗಾಟ ಮುಗಿದು ಕಾಲು ಊದಿಕೊಂಡು ಚಪ್ಪಲಿ ಬಿಗಿಯಾಗುವ ಹೊತ್ತಿಗೆ ದುಡಿಯುವ ಜನರ ಬ್ಯಾಚು ಬಂದು ಕೂರುತ್ತಿತ್ತು. ಮೂರಕ್ಕೂ ಪಾಠ ಒಂದೇ: ಸಿ ಭಾಷೆ. ಅಭ್ಯಾಸಗಳೂ ಅವೇ. ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಳಿ, ಪದವನ್ನು ಹಿಂದುಮುಂದು ಮಾಡಿ, ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ. ಎಷ್ಟೋ ವರ್ಷಗಳಿಂದ ಅದನ್ನೇ ಅರೆದೂ ಅರೆದೂ ಮೇಷ್ಟ್ರು ಒಳಕಲ್ಲಾಗಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬೊಬ್ಬರ ಪ್ರೋಗ್ರಾಂ ಓದಿ, ಇಲ್ಲೇಕೆ ಹೀಗೆ ಬರೆದೆ, ಅಲ್ಲೇಕೆ ಹಾಗೆ ಎಂದು ಪ್ರಾಣ ತೆಗೆಯುತ್ತಿದ್ದವರು, ಈಗ ಪರದೆಯ ಕೊನೆಯ ಸಾಲು ನೋಡಿ, ಉತ್ತರ ಸರಿಯಿದ್ದರೆ ಒಂದು ಸಹಿ ಗೀಚಿ, ಮುಂದಿನ ಕುರ್ಚಿಗೆ ಹೋಗುತ್ತಿದ್ದರು. ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ, ಸಂಬಳದ ದಿನವಂತೂ ಬದಲಾಗುವುದಿಲ್ಲ.

ಈ ಸಲದ ಸಂಜೆಯ ಬ್ಯಾಚಿನಲ್ಲಿ ಅವರ ಭಾವನೇ ಇದ್ದರು. ಅಕ್ಕನ ಗಂಡ. ಹರೆಯದಲ್ಲಿ ಅಚ್ಚುಕೂಟಕ್ಕೆ ಸೇರಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು, ಕಾಲ ಬದಲಾದ ಮೇಲೆ ಅದೇ ಪುಟಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಜೋಡಿಸಿದವರು. ಈಗ ಅಚ್ಚುಕೂಟಕ್ಕೆ ಹೊಸ ಯಂತ್ರ ಬಂದಿತ್ತು. ಜೋಡಿಸುವ ವಿಭಾಗಕ್ಕೆ ಬೀಗ ಹಾಕುತ್ತೇವೆ, ಕಂಪ್ಯೂಟರ್ ಸರ್ಟಿಫಿಕೇಟ್ ಇದ್ದವರು ಮಷಿನ್ ರೂಮಿಗೆ, ಇಲ್ಲದವರು ಮನೆಗೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಆ ಸರ್ಟಿಫಿಕೇಟಿನಲ್ಲಿ ಸಿ ಭಾಷೆಯೂ ಒಂದು ವಿಷಯ. ಯಂತ್ರದ ಗುಂಡಿ ಒತ್ತುವವನಿಗೆ ಸಿ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆ ಇರುತ್ತಾರೆ. ಭಾವ ಎರಡು ಸಲ ಬೇರೆ ಕಡೆ ಪರೀಕ್ಷೆ ಕಟ್ಟಿ ಡುಮ್ಕಿ ಹೊಡೆದಿದ್ದರು. ಇದೇ ಕೊನೆಯ ಅವಕಾಶ. ಐವತ್ತಾರು ವರ್ಷದವರಿಗೆ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ?

ಅಕ್ಕ ಫೋನ್ ಮಾಡಿ ಹೇಳಿದ್ದಳು, "ಎಲ್ಲ ನಿನ್ನ ಕೈಯಲ್ಲೇ ಇದೆ ಕಣೋ."

"ನನ್ನ ಕೈಯಲ್ಲಿ ಏನಿದೆ ಅಕ್ಕಾ? ಪರೀಕ್ಷೆಗೆ ಹೊರಗಿನವರು ಬರ್ತಾರೆ."

"ಬರಲಿ. ನೀನೂ ಅಲ್ಲೇ ಇರ್ತೀಯಲ್ಲ. ನಮ್ಮ ಮನೆ ನಡುಕೋಣೆಯಲ್ಲಿ ಚಾಪೆ ಹಾಸ್ಕೊಂಡು ಓದಿ ಮೇಷ್ಟ್ರಾದವನು ನೀನು. ಮರೀಬೇಡ."

ಮರೆಯುವ ಮಾತೇ ಇರಲಿಲ್ಲ. ಅಕ್ಕ ಮರೆಯಲು ಬಿಟ್ಟರೆ ತಾನೆ.

ಆದರೂ ಮೇಷ್ಟ್ರಿಗೆ ಭಾವನ ಬಗ್ಗೆ ಅಂಥ ಚಿಂತೆ ಇರಲಿಲ್ಲ. ಯಾಕೆಂದರೆ ಭಾವನ ಅಭ್ಯಾಸಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು. ಇಡೀ ಬ್ಯಾಚಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವವರು ಅವರೇ. ಮೇಷ್ಟ್ರು ಹೋಗಿ ನೋಡಿದರೆ ಪರದೆಯ ಮೇಲೆ ಉತ್ತರ ಮುತ್ತಿನ ಹಾಗೆ ಕೂತಿರುತ್ತಿತ್ತು, ಸಾಲುಸಾಲಿನ ನಡುವೆ ಒಪ್ಪವಾದ ಅಂತರ, ಮೇಲೊಂದು ಗೆರೆ, ಕೆಳಗೊಂದು ಗೆರೆ. ಮೇಷ್ಟ್ರು ಸಹಿ ಹಾಕುತ್ತಿದ್ದರು. ಪರವಾಗಿಲ್ಲ, ಭಾವ ಗಟ್ಟಿ ಆಸಾಮಿ, ಮೊದಲ ಎರಡು ಸಲ ಹೇಳಿಕೊಟ್ಟವರೇ ಸರಿ ಇರಲಿಲ್ಲ ಎಂದುಕೊಂಡು ಒಳಗೊಳಗೇ ಬೀಗುತ್ತಲೂ ಇದ್ದರು.

ಪರೀಕ್ಷೆ ಹತ್ತಿರವಾದಾಗ ಒಂದು ಸಂಜೆ ಆ ಬೀಗುವಿಕೆ ಇಳಿಯಿತು. ಅವತ್ತು ಭಾವನ ಮಾಮೂಲಿ ಜಾಗದಲ್ಲಿ ಬೇರೆ ಯಾರೋ ಕೂತಿದ್ದರಿಂದ ಅವರು ಕಿಟಕಿ ಪಕ್ಕದ ಮಷಿನ್ನಿಗೆ ಹೋಗಿದ್ದರು. ಹಿಂದಿನ ವಾರವೇ ಬರೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದ ಪ್ರೋಗ್ರಾಂ ತೆಗೆದು ಓಡಿಸಿದರು. ಐದು ಸಂಖ್ಯೆ ಕೊಟ್ಟರೆ ಏರಿಕೆಯಲ್ಲಿ ಜೋಡಿಸಬೇಕು, ಅದು ಅಭ್ಯಾಸ. ಹಾಳೆಯಲ್ಲಿ ಮಾದರಿಗೆಂದು ಕೊಟ್ಟ ಸಂಖ್ಯೆಗಳು ಐದು, ಮೂರು, ಒಂಬತ್ತು, ಒಂದು, ಏಳು. ಪರದೆಯ ಮೇಲೆ ಒಂದು, ಮೂರು, ಐದು, ಏಳು, ಒಂಬತ್ತು ಎಂದು ಬಂದಿತ್ತು. ಮೇಷ್ಟ್ರು ಸಹಿ ಹಾಕಿ ಎರಡು ಹೆಜ್ಜೆ ಮುಂದೆ ಹೋದವರು ನಿಂತರು. ಆ ಮಷಿನ್ನಿನ ಕೀಬೋರ್ಡಿನಲ್ಲಿ ಒಂಬತ್ತರ ಕೀ ಸತ್ತು ಬಹಳ ದಿನವಾಗಿತ್ತು. ಸರಿ ಮಾಡಿಸಿ ಎಂದು ಆಫೀಸಿನವರ ಹತ್ತಿರ ಬಾಯಿ ಬಡಿದುಕೊಂಡವರು ಅವರೇ.

"ಭಾವಾ, ಒಂಬತ್ತು ಹೇಗೆ ಒತ್ತಿದ್ರಿ?"

"ಒಂಬತ್ತು ಬೀಳಲಿಲ್ಲ ಕಣಯ್ಯ. ಎಂಟು ಒತ್ತಿದೆ. ಪಕ್ಕದಲ್ಲೇ ಇತ್ತಲ್ಲ."

"ಎಂಟು ಕೊಟ್ಟರೆ ಒಂಬತ್ತು ಹೇಗೆ ಬಂತು?"

"ಅದು ಹಾಗೇ ಬರುತ್ತೆ," ಎಂದರು ಭಾವ, ಹೆಮ್ಮೆಯಿಂದಲೇ.

ಮೇಷ್ಟ್ರು ಬಗ್ಗಿ ಪ್ರೋಗ್ರಾಂ ಓದಿದರು. ಓದಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಐದು ಸಂಖ್ಯೆ ತಗೋ ಎಂದು ಐದು ಸಾಲು. ಆಮೇಲೆ ಪರದೆಗೆ ಬರೆಯುವ ಪ್ರಿಂಟ್‌ಎಫ್ ಎಂಬ ಆಜ್ಞೆ, ಅದರೊಳಗೆ ಹಾಳೆಯಲ್ಲಿದ್ದ ಉತ್ತರವನ್ನೇ ಅಚ್ಚುಕಟ್ಟಾಗಿ ಬರೆದಿತ್ತು. ಜೋಡಿಸುವುದೂ ಇಲ್ಲ, ಹೋಲಿಸುವುದೂ ಇಲ್ಲ. ಮೇಷ್ಟ್ರು ಹಿಂದಿನ ಅಭ್ಯಾಸ ತೆಗೆದರು, ಅದರ ಹಿಂದಿನದು ತೆಗೆದರು. ಎಲ್ಲವೂ ಹಾಗೇ. ಹದಿಮೂರು ಅವಿಭಾಜ್ಯವೇ ಎಂದರೆ ಹೌದು ಎಂದು ಬರೆದಿತ್ತು. ಹದಿನಾಲ್ಕು ಕೊಟ್ಟರೂ ಹದಿಮೂರು ಅವಿಭಾಜ್ಯ ಎಂದೇ ಹೇಳುತ್ತಿತ್ತು.

"ಏನಿದು ಭಾವಾ?"

"ಏನಂದ್ರೆ? ಔಟ್‌ಪುಟ್ ಬಂತಲ್ಲ? ನೀನೂ ಸಹಿ ಹಾಕಿದ್ಯಲ್ಲ?"

ಮೇಷ್ಟ್ರು ಭಾವನ ಮುಖ ನೋಡಿದರು. ಬದುಕಿಡೀ ಪುಟದ ಮೇಲೆ ಏನು ಕಾಣಬೇಕೋ ಅದನ್ನು ಕಾಣಿಸಿದ ಮನುಷ್ಯ. ಲೇಖಕ ಬರೆದುಕೊಟ್ಟದ್ದು ನಿಜವೋ ಸುಳ್ಳೋ ಮೊಳೆ ಜೋಡಿಸುವವನಿಗೆ ಯಾಕೆ? ಹಾಳೆಯಲ್ಲಿ ಹೀಗೆ ಬರಬೇಕು ಅಂತಿತ್ತು, ಹೀಗೆ ಬರುವ ಹಾಗೆ ಮಾಡಿದ್ದರು. ಅದನ್ನು ಮೋಸ ಅನ್ನೋಣವೆಂದರೆ ಸಹಿಗಳೆಲ್ಲ ಮೇಷ್ಟ್ರದ್ದೇ. ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಕೊನೆಗೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಆ ಲ್ಯಾಬಿನಲ್ಲಿ ಮೇಷ್ಟ್ರು ಕೂತದ್ದನ್ನು ಉಳಿದವರು ಅವತ್ತೇ ಮೊದಲು ನೋಡಿದ್ದು.

"ಪರೀಕ್ಷೆಯಲ್ಲಿ ಅವರಿಷ್ಟದ ಸಂಖ್ಯೆ ಕೊಡ್ತಾರೆ ಭಾವಾ. ಈ ಹಾಳೆದು ಕೊಡಲ್ಲ. ಮೊದಲ ಸಲ ಅದಕ್ಕೇ ಹೋಗಿದ್ದು, ಎರಡನೇ ಸಲವೂ ಅದಕ್ಕೇ."

ಭಾವ ಪರದೆ ನೋಡಿದರು, ಅಳಿಯದೇ ಉಳಿದ ಒಂಬತ್ತನ್ನು ನೋಡಿದರು. "ಹಾಗಾದ್ರೆ ನಾನು ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದೆ?" ಎಂದರು.

ಅಲ್ಲಿಂದ ಶುರುವಾಯಿತು ನೋಡಿ ಮೇಷ್ಟ್ರ ಪಾಡು. ಸಂಜೆಯ ಬ್ಯಾಚು ಎದ್ದು ಹೋದ ಮೇಲೆ ಭಾವ ಮತ್ತು ಅವರು. ಕಸ ಗುಡಿಸುವವಳು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ, ಇವರಿಬ್ಬರ ಕುರ್ಚಿ ಮಾತ್ರ ಬಿಟ್ಟು, ಮುಖ ಊದಿಸಿಕೊಂಡು ಹೋಗುತ್ತಿದ್ದಳು. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವುದರಿಂದಲೇ ಹಿಡಿಯಬೇಕಾಯಿತು. ಭಾವ ಮೊದಲನೆಯದರಲ್ಲಿ ಎರಡನೆಯದನ್ನು ಇಟ್ಟರು, ಆಮೇಲೆ ಎರಡನೆಯದರಲ್ಲಿ ಮೊದಲನೆಯದನ್ನು ಇಟ್ಟರು. ನೋಡಿದರೆ ಎರಡೂ ಕಡೆ ಒಂದೇ ಸಂಖ್ಯೆ.

"ಅಯ್ಯೋ, ಒಂದು ಮೊಳೆ ಮಾಯ ಆಯ್ತಲ್ಲೋ!"

"ಮಾಯ ಆಗದೆ ಇನ್ನೇನು ಭಾವಾ. ಅದರ ಜಾಗಕ್ಕೆ ಇನ್ನೊಂದನ್ನ ತಂದು ಕೂರಿಸಿದ್ರಿ. ಮೊದಲಿದ್ದದ್ದನ್ನ ಎತ್ತಿ ಎಲ್ಲಾದ್ರೂ ಇಟ್ಕೋಬೇಕು. ಮೂರನೇ ಜಾಗ ಬೇಕು."

ಮೂರನೇ ಜಾಗ ಎಂದದ್ದು ಭಾವನಿಗೆ ತಟ್ಟನೆ ಹತ್ತಿತು. ಕೈಯಲ್ಲಿ ಮೊಳೆ ಹಿಡಿದವನಿಗೆ ಇಡುವ ಜಾಗದ ಬೆಲೆ ಗೊತ್ತು. ಅಕ್ಕಪಕ್ಕದ ಎರಡನ್ನು ನೋಡು, ದೊಡ್ಡದು ಎಡಕ್ಕಿದ್ದರೆ ಅದಲುಬದಲು ಮಾಡು, ಹಾಗೇ ಸಾಲಿನ ಕೊನೆವರೆಗೂ ಹೋಗು, ಮತ್ತೆ ಮೊದಲಿಂದ ಬಾ. ಐದು ಸಂಖ್ಯೆಗೆ ನಾಲ್ಕು ಸುತ್ತು ಬೇಕು, ಅಷ್ಟೇ ವಿದ್ಯೆ. ಹೇಳಲು ಎಷ್ಟು ಸುಲಭ! ಬರೆಸುವಾಗ ಮೇಷ್ಟ್ರ ಹೆಣ ಬಿದ್ದುಹೋಯಿತು. ದೊಡ್ಡ ತೊಡಕೆಂದರೆ ಎಣಿಕೆ. ಸಿ ಭಾಷೆ ಸೊನ್ನೆಯಿಂದ ಎಣಿಸುತ್ತದೆ. ಭಾವ ಒಂದರಿಂದ.

"ಮೊದಲನೇ ಸುತ್ತಿಗೆ ಸೊನ್ನೆ ಅಂದ್ರೆ ಎರಡನೇದಕ್ಕೆ ಒಂದು. ನಿಮ್ಮಲ್ಲಿ ಮಗೂಗೆ ಮೊದಲನೇ ವರ್ಷ ಅಂದ್ರೆ ಸೊನ್ನೆ ವರ್ಷನಾ?" ಎಂದರು ಭಾವ.

"ಹುಟ್ಟಿದ ದಿನ ಸೊನ್ನೆನೇ ಅಲ್ವಾ ಭಾವಾ?"

"ಬಾಯಿ ಜೋರಾಯ್ತು ನಿಂದು," ಎಂದು ನಕ್ಕರು ಭಾವ. ಆದರೆ ಅದು ಒಳಗಿಳಿಯಲಿಲ್ಲ. ಒಂದು ಸಂಜೆ ಸೊನ್ನೆ ಬರೆಯುತ್ತಿದ್ದರು, ಮಾರನೆಯ ಸಂಜೆ ಕೈ ತಾನಾಗಿ ಒಂದು ಬರೆಯುತ್ತಿತ್ತು. ಮೇಷ್ಟ್ರಿಗೆ ಹೇಳಿ ಹೇಳಿ ಗಂಟಲು ಒಣಗಿತ್ತು. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತರೆ ತೂಕಡಿಕೆ. ಸಾಕಪ್ಪಾ ಸಾಕು, ಪಾಸೋ ಫೇಲೋ ಇದೊಂದು ಮುಗಿದರೆ ಸಾಕು ಎಂದು ಅವರಿಗೆ ನಿಜವಾಗಿ ಅನ್ನಿಸುತ್ತಿತ್ತು. ಅನ್ನಿಸಿದ ಮರುಕ್ಷಣ ಅಕ್ಕನ ದನಿ ಕಿವಿಯಲ್ಲಿ ಬರುತ್ತಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ಮೇಷ್ಟ್ರಿಗಿಂತ ಹೆಚ್ಚು ಸುಸ್ತಾದವರ ಹಾಗೆ ಕಂಡರು. ಅವರ ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ, ಫೋನ್ ಕಿವಿ ಬಿಟ್ಟು ಇಳಿಯುತ್ತಿರಲಿಲ್ಲ. ಮಡಚಿದ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಎತ್ತಿದ ಚೀಟಿಯಲ್ಲಿ ಏನಿದೆಯೋ ಅದನ್ನು ಬರೆದು ಓಡಿಸಿ ತೋರಿಸಬೇಕು, ಅದು ಪದ್ಧತಿ. ಭಾವ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದರು. ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿ ಎಂದಿತ್ತು. ಮೇಷ್ಟ್ರು ಅದರಲ್ಲಿ ಕೈಯಾಡಿಸಿರಲಿಲ್ಲ, ಆಣೆ ಮಾಡಿ ಹೇಳಬಹುದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ಅವರು ಗೋಡೆಗೆ ಒರಗಿ ನಿಂತರು.

ಭಾವ ಒಂದೊಂದೇ ಅಕ್ಷರ ನೋಡಿ ನೋಡಿ ಟೈಪ್ ಮಾಡಿದರು. ಎರಡು ಸಲ ಮಷಿನ್ ತಪ್ಪು ತೋರಿಸಿತು. ಒಂದು ಕಡೆ ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋಗಿತ್ತು, ಇನ್ನೊಂದು ಕಡೆ ಆವರಣ ಮುಚ್ಚಿರಲಿಲ್ಲ. ತಾವೇ ಹುಡುಕಿ ಸರಿಮಾಡಿದರು. ಹಣೆಯ ಬೆವರು ಒರೆಸಿಕೊಂಡು ಕೈ ಎತ್ತಿದರು.

ಪರೀಕ್ಷಕಿ ಬಂದು ಪರದೆಯ ಮೇಲೆ ಕಣ್ಣಾಡಿಸಿದರು, ಅಷ್ಟರಲ್ಲಿ ಫೋನ್ ಬಂತು. ಕೈಯಿಂದ ಫೋನ್ ಮುಚ್ಚಿ ಮೇಷ್ಟ್ರ ಕಡೆ ತಿರುಗಿ, "ಸರ್, ನೀವೇ ಐದು ಸಂಖ್ಯೆ ಹೇಳಿ. ನಾನು ಔಟ್‌ಪುಟ್ ನೋಡ್ತೀನಿ," ಎಂದರು.

ಮೇಷ್ಟ್ರು ಭಾವನ ಹೆಗಲ ಮೇಲಿಂದ ಪ್ರೋಗ್ರಾಂ ಓದಿದರು. ಅದಲುಬದಲು ಸರಿಯಿತ್ತು. ಸಾಲಿನುದ್ದಕ್ಕೂ ಹೋಗುವ ಒಳಗಿನ ಸುತ್ತು ಸರಿಯಿತ್ತು. ಹಾಗೆ ಎಷ್ಟು ಸಲ ಹೋಗಬೇಕು ಎಂದು ಲೆಕ್ಕ ಇಡುವ ಹೊರಗಿನ ಸುತ್ತಿನ ಎಣಿಕೆ ಒಂದರಿಂದ ಶುರುವಾಗಿತ್ತು. ಸೊನ್ನೆ ಇರಬೇಕಾದಲ್ಲಿ ಒಂದು. ಅಂದರೆ ಸಾಲನ್ನು ನಾಲ್ಕು ಸಲ ತಿರುಗಬೇಕಾದ ಪ್ರೋಗ್ರಾಂ ಮೂರೇ ಸಲ ತಿರುಗಿ ನಿಲ್ಲುತ್ತದೆ.

ಎಷ್ಟೋ ವರ್ಷ ಅದನ್ನೇ ಅರೆದವರಿಗೆ ಉಳಿದದ್ದು ಕಣ್ಣಿಗೆ ಕಟ್ಟಲು ಗಳಿಗೆ ಸಾಕು. ಚಿಕ್ಕ ಸಂಖ್ಯೆ ಒಂದು ಸುತ್ತಿಗೆ ಒಂದೇ ಮನೆ ಎಡಕ್ಕೆ ಸರಿಯುತ್ತದೆ. ಎಲ್ಲಕ್ಕಿಂತ ಚಿಕ್ಕದು ಸಾಲಿನ ತುದಿಯಲ್ಲಿದ್ದರೆ ಮುಂದೆ ಬರಲು ಅದಕ್ಕೆ ನಾಲ್ಕೂ ಸುತ್ತು ಬೇಕು. ತುದಿಯಲ್ಲಿ ಇಲ್ಲದಿದ್ದರೆ ಮೂರು ಸುತ್ತೇ ಸಾಕು, ಉತ್ತರ ಸರಿಯಾಗಿಯೇ ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಚಿಕ್ಕದನ್ನು ಕೊನೆಗೆ ಹೇಳಿದರೆ ಭಾವನ ಕೆಲಸ ಹೋಯಿತು. ಬೇರೆಲ್ಲಿ ಹೇಳಿದರೂ ಉಳಿಯಿತು.

"ಸರ್?" ಎಂದರು ಪರೀಕ್ಷಕಿ.

"ನಲವತ್ತು," ಎಂದರು ಮೇಷ್ಟ್ರು. "ಹನ್ನೆರಡು. ಮೂವತ್ತೈದು. ತೊಂಬತ್ತು. ಇಪ್ಪತ್ತು."

ಹನ್ನೆರಡು ಎರಡನೆಯ ಜಾಗದಲ್ಲಿ ಸುಖವಾಗಿ ಕೂತಿತ್ತು. ಇಪ್ಪತ್ತಕ್ಕೆ ಸರಿಯಾಗಿ ಮೂರು ಸುತ್ತು ಬೇಕಿತ್ತು. ಇದ್ದುದರಲ್ಲಿ ಕಷ್ಟದ್ದನ್ನೇ ಕೊಟ್ಟೆನಲ್ಲ, ತೀರಾ ಸುಲಭದ್ದು ಕೊಡಲಿಲ್ಲವಲ್ಲ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರ ಲೆಕ್ಕವೇ ಹೀಗೆ. ಪರದೆಯ ಮೇಲೆ ಹನ್ನೆರಡು, ಇಪ್ಪತ್ತು, ಮೂವತ್ತೈದು, ನಲವತ್ತು, ತೊಂಬತ್ತು ಎಂದು ಮೂಡಿತು. ಪರೀಕ್ಷಕಿ ತಲೆಯಾಡಿಸಿ ಅಂಕ ಬರೆದು ಮುಂದಿನವರ ಕಡೆ ನಡೆದರು. ಭಾವ ಮಾತ್ರ ಎದ್ದೇಳಲಿಲ್ಲ, ಪರದೆಯನ್ನೇ ನೋಡುತ್ತ ಕೂತಿದ್ದರು.

ದಾರಿಯುದ್ದಕ್ಕೂ ಭಾವನ ಬಾಯಿಗೆ ಬಿಡುವಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ, ಪಕ್ಕದವರು ತಿರುಗಿ ನೋಡುವ ಹಾಗೆ ಮಾತಾಡಿದರು.

"ಆ ಸಂಖ್ಯೆ ನಾನು ಮೊದಲು ನೋಡೇ ಇರಲಿಲ್ಲ ಕಣೋ! ಅದೇ ಜೋಡಿಸ್ಕೊಂಡು ಕೂತ್ಕೊಂಡ್ತು. ನಾನು ಹೇಳಿಕೊಟ್ಟಿರಲಿಲ್ಲ ಅದಕ್ಕೆ!"

"ಹೌದು ಭಾವಾ."

"ಇಷ್ಟು ವರ್ಷ ಬೇರೆಯವರು ಬರೆದಿದ್ದನ್ನೇ ಜೋಡಿಸಿದೆ. ಇವತ್ತು ಒಂದು ನನ್ನದು ಅಂತ ಆಯ್ತು. ಏನಂತೀಯ?"

ಮೇಷ್ಟ್ರು ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದರು. ನಿದ್ದೆ ಬಂದಿದೆ ಎಂದುಕೊಳ್ಳಲಿ ಎಂದು.

ಮನೆಗೆ ಹೋಗಿ ಬಿದ್ದುಕೊಳ್ಳಬೇಕು ಎಂದಿದ್ದವರನ್ನು ಭಾವ ಬಿಡಲಿಲ್ಲ, ರಟ್ಟೆ ಹಿಡಿದು ತಮ್ಮ ಮನೆಗೆ ಎಳೆದುಕೊಂಡು ಹೋದರು. ಅಕ್ಕ ಬಾಗಿಲಲ್ಲೇ ಕಾದಿದ್ದಳು. ಗಂಡನ ಮುಖ ನೋಡಿದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ತಮ್ಮನ ತಲೆ ಸವರಿದಳು. "ನಂಗೆ ಗೊತ್ತಿತ್ತು, ನೀನು ಕೈಬಿಡಲ್ಲ ಅಂತ," ಎಂದು ಟೀ ಇಡಲು ಒಳಗೆ ಹೋದಳು. ಭಾವ ಚಪ್ಪಲಿಯನ್ನೂ ಬಿಡದೆ ಮಗಳ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಪರೀಕ್ಷೆಯ ಪ್ರೋಗ್ರಾಂ ತುಂಬಿಕೊಂಡು ತಂದಿದ್ದ ಪೆನ್‌ಡ್ರೈವ್ ಚುಚ್ಚಿದರು. ಅಭ್ಯಾಸಕ್ಕೆಂದು ಆ ಲ್ಯಾಪ್‌ಟಾಪಿನಲ್ಲಿ ಸಿ ಓಡಿಸಲು ಬೇಕಾದ್ದನ್ನೆಲ್ಲ ಹಾಕಿಕೊಟ್ಟವರು ಮೇಷ್ಟ್ರೇ.

"ಬಾರೇ ಇಲ್ಲಿ. ಯಾವುದಾದ್ರೂ ಐದು ಸಂಖ್ಯೆ ಹೇಳು, ಚಿಕ್ಕದರಿಂದ ದೊಡ್ಡದಕ್ಕೆ ಇದೇ ಜೋಡಿಸುತ್ತೆ. ನಿನಗೆ ಬಾಯಿಗೆ ಬಂದಿದ್ದು."

"ಭಾವಾ, ಮೊದಲು ಟೀ ಕುಡಿಯೋಣ," ಎಂದರು ಮೇಷ್ಟ್ರು.

"ಟೀ ಎಲ್ಲಿಗೂ ಓಡಿ ಹೋಗಲ್ಲ. ಹೇಳೇ."

ಅಕ್ಕನಿಗೆ ಲೆಕ್ಕವೆಂದರೆ ಆಗದು. ಲೋಟ ಹಿಡಿದು ನಿಂತು ಯೋಚಿಸಿದಳು. "ಮನೆಯವರ ವಯಸ್ಸು ಹೇಳ್ಲಾ? ಅತ್ತೆಗೆ ಎಂಬತ್ತೊಂದು."

ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಅಕ್ಕಾ, ಮಗುವಿಂದ ಶುರು ಮಾಡು."

"ಹಿರಿಯರನ್ನ ಬಿಟ್ಟು ಮಗುವಿಂದ ಯಾಕೋ ಶುರು ಮಾಡ್ಲಿ? ಅತ್ತೆಗೆ ಎಂಬತ್ತೊಂದು. ನಿಮಗೆ ಐವತ್ತಾರು. ನಂಗೆ ಐವತ್ತೊಂದು. ಮಗಳಿಗೆ ಇಪ್ಪತ್ನಾಲ್ಕು. ಅವಳ ಮಗ ಪುಟ್ಟಂಗೆ ಎರಡು."

ಭಾವ ಒಂದೊಂದನ್ನೂ ಒತ್ತಿದರು, ಕೊನೆಗೆ ಬೆರಳು ಮೇಲೆತ್ತಿ, ಹೆಂಡತಿಯನ್ನು ನೋಡಿ ಕಣ್ಣು ಮಿಟುಕಿಸಿ, ಒತ್ತಿದರು.

ಇಪ್ಪತ್ನಾಲ್ಕು, ಎರಡು, ಐವತ್ತೊಂದು, ಐವತ್ತಾರು, ಎಂಬತ್ತೊಂದು.

ಅಕ್ಕ ನಕ್ಕಳು. "ಇದೇನ್ರೀ, ಪುಟ್ಟನಿಗಿಂತ ಅವನಮ್ಮ ಚಿಕ್ಕವಳಾ?"

ಭಾವ ನಗಲಿಲ್ಲ. ಒತ್ತುವಾಗ ತಪ್ಪಿರಬೇಕು ಎಂದು ಮತ್ತೆ ಅವೇ ವಯಸ್ಸುಗಳನ್ನು ಒತ್ತಿದರು. ಮತ್ತೆ ಅದೇ ಬಂತು. ಆಮೇಲೆ ಮೇಷ್ಟ್ರು ಪರೀಕ್ಷೆಯಲ್ಲಿ ಹೇಳಿದ ಸಂಖ್ಯೆಗಳನ್ನು ಒತ್ತಿದರು. ಸರಿಯಾಗಿ ಬಂತು. ಇನ್ನೊಮ್ಮೆ ವಯಸ್ಸು. ತಪ್ಪು. ಭಾವ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಿನಗೆ ಗೊತ್ತಿತ್ತು," ಎಂದರು, ತಿರುಗದೆ.

"ಗೊತ್ತಿತ್ತು ಭಾವಾ."

"ಯಾವಾಗ?"

"ಸಂಖ್ಯೆ ಹೇಳೋಕೆ ಮುಂಚೆ."

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. "ಏನಾಯ್ತೀಗ? ಪಾಸ್ ಆಯ್ತೋ ಇಲ್ವೋ?"

"ಆಯ್ತು ಕಣೆ," ಎಂದರು ಭಾವ. "ನಿನ್ನ ತಮ್ಮ ಪಾಸಾದ."

ಮೇಷ್ಟ್ರಿಗೆ ನಾಚಿಕೆಯಾಯಿತು. ಎಷ್ಟೋ ವರ್ಷಗಳಿಂದ ಯಾವುದಕ್ಕೂ ಆಗದಿದ್ದ ನಾಚಿಕೆ. "ತಪ್ಪಾಯ್ತು ಭಾವಾ," ಎಂದರು. "ನಿಮ್ಮ ಕೆಲಸ ಹೋಗ್ತಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ."

"ಅದಕ್ಕೆ ಅಲ್ಲವೋ." ಭಾವ ಈಗ ತಿರುಗಿದರು. ಸಿಟ್ಟಿರಲಿಲ್ಲ, ಬರೀ ದಣಿವಿತ್ತು, ಬೆಳಗಿನಿಂದ ಅವರ ಮುಖದ ಮೇಲೆ ಕಾಣದಿದ್ದ ದಣಿವು. "ಅನ್ನ ಉಳಿಸಿದೆ. ಸೋಮವಾರ ಮಷಿನ್ ರೂಮಿಗೆ ಹೋಗ್ತೀನಿ, ಹೋಗಲ್ಲ ಅನ್ನೋಷ್ಟು ಕೊಬ್ಬಿಲ್ಲ ನಂಗೆ. ಮೊದಲು ಪ್ರಿಂಟ್ ಮಾಡಿ ತೋರಿಸ್ತಿದ್ನಲ್ಲ, ಅದು ಸುಳ್ಳು ಅಂತ ಒಳಗೆ ಎಲ್ಲೋ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದಕ್ಕೆ ಏನೂ ಅನ್ನಿಸ್ತಿರಲಿಲ್ಲ. ಇವತ್ತಿಂದು ನಿಜ ಅಂದ್ಕೊಂಡಿದ್ದೆ. ಬಸ್ಸಲ್ಲಿ ಅಷ್ಟು ಬಡ್ಕೊಂಡೆ. ನೀನು ಕಣ್ಣು ಮುಚ್ಕೊಂಡು ಕೇಳಿಸ್ಕೊಂಡು ನಿಂತಿದ್ದೆ."

ಅಕ್ಕ ಟೀ ಲೋಟವನ್ನು ಯಾರ ಮುಂದೆ ಇಡಬೇಕು ಎಂದು ತಿಳಿಯದೆ ಮೇಜಿನ ನಡುವೆ ಇಟ್ಟಳು.

ಭಾವ ಚಪ್ಪಲಿ ಬಿಚ್ಚಿ ಕುರ್ಚಿಯ ಕೆಳಗೆ ತಳ್ಳಿದರು. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಪ್ರೋಗ್ರಾಂ ತೆರೆದರು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು, ತುಟಿ ಅಲುಗಿಸುತ್ತ. ಮೇಷ್ಟ್ರ ಕೈ ತಾನಾಗಿ ಪರದೆಯ ಕಡೆ ಹೋಯಿತು. ತಪ್ಪು ಎಲ್ಲಿದೆ ಎಂದು ಒಂದು ಬೆರಳು ತೋರಿಸಿದರೆ ಮುಗಿಯುತ್ತಿತ್ತು.

"ಹೇಳಬೇಡ," ಎಂದರು ಭಾವ.

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಭಾವ ಮೂರನೆಯ ಸಾಲಿಗೆ ಬಂದರು, ತಲೆ ಕೆರೆದುಕೊಂಡು ಮತ್ತೆ ಮೊದಲ ಸಾಲಿಗೆ ಹೋದರು. ಇದು ಬೇಗ ಮುಗಿಯುವ ಕೆಲಸ ಅಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಕಾಲು ಸಿಡಿಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಹೋಗಿ ಬರ್ತೀನಿ ಅನ್ನಲು ಬಾಯಿ ಬರಲಿಲ್ಲ. ಅವರು ಇನ್ನೊಂದು ಕುರ್ಚಿ ಎಳೆದುಕೊಂಡು, ಭಾವನ ಪಕ್ಕದಲ್ಲಿ ಕೂತರು.